ಬಕೆಟ್ ಸೀಟಿನಲ್ಲಿ ಮಗಳ ಮೆರವಣಿಗೆ

ನನ್ನ ಕಾರಿಗೆ ಸೀಟು ನಾನೇ ಹಾಕುತ್ತೇನೆ! ಹೀಗೆಂದು ಹೊಸ ವರ್ಷದ ಮೊದಲ ವಾರದಲ್ಲೇ, ಮೋಚಿ ಅಗಿಯುತ್ತ, ಘಂಟಾಘೋಷವಾಗಿ ಸಾರಿದೆ. ಬೇಯಿಸಿದ ಅಕ್ಕಿ ಕುಟ್ಟಿ ಮಾಡುವ ಆ ಅಂಟು ಮುದ್ದೆ ಹಲ್ಲಿಗೆ ಮೆತ್ತಿಕೊಂಡು ಘೋಷಣೆ ಸ್ವಲ್ಪ ತೊದಲಿತು, ಅಷ್ಟೇ. ಸಂಕಲ್ಪ ಮಾತ್ರ ಬಂಡೆಗಲ್ಲು!

ನಾನು ಮೊಗಿ. ಗುನ್ಮಾ ಪ್ರಾಂತ್ಯದ ಅಕಾಗಿ ಬೆಟ್ಟದ ಬುಡದಲ್ಲಿ ಕೊನ್ಯಾಕು ಗಡ್ಡೆಯ ಕಾರ್ಖಾನೆ ಇದೆಯಲ್ಲ, ಅಲ್ಲಿ ಗಡ್ಡೆ ಬೇಯಿಸುವ ವಿಭಾಗಕ್ಕೆ ನಾನೇ ಮುಖ್ಯಸ್ಥ. ಹಗಲೆಲ್ಲ ಕೊಳಕೊಳ ಅಲುಗುವ ಪದಾರ್ಥದ ನಡುವೆ ಬದುಕುವವನಿಗೆ ಸಂಜೆಯಾದರೆ ಗಟ್ಟಿಯಾದ ಏನನ್ನಾದರೂ ಹಿಡಿಯಬೇಕು ಅನ್ನಿಸುವುದು ಸಹಜ. ನಾನು ಹಿಡಿಯುವುದು ಸ್ಟೀರಿಂಗು. ಎರಡೇ ಬಾಗಿಲಿನ, ಹಿಂದುಗಡೆ ಮೇಲಕ್ಕೆತ್ತುವ ಗಾಜಿನ ಬಾಗಿಲಿರುವ ಹಳೇ ಕಾರು. ಭಾನುವಾರ ಅದನ್ನು ಬೆಟ್ಟದ ತಿರುವುಗಳಲ್ಲಿ ಓಡಿಸುವಾಗ ನಾನು ಚಕ್ರವರ್ತಿ. ಕೊರತೆ ಒಂದೇ: ಚಕ್ರವರ್ತಿಗೆ ಸಿಂಹಾಸನವಿರಲಿಲ್ಲ. ತಿರುವು ಬಂದಾಗಲೆಲ್ಲ ಮಹಾಪ್ರಭುಗಳು ಸೀಟಿನಿಂದ ಜಾರಿ ಬಾಗಿಲಿಗೆ ಅಂಟಿಕೊಳ್ಳುತ್ತಿದ್ದರು.

ಅದಕ್ಕೇ ಹಳೇ ಬಿಡಿಭಾಗಗಳ ಅಂಗಡಿಯಿಂದ ಜೋಡಿ ಬಕೆಟ್ ಸೀಟು ತಂದೆ. ರೇಸಿನವರು ಕೂರುತ್ತಾರಲ್ಲ, ಸೊಂಟದ ಎರಡೂ ಬದಿಗೆ ಎತ್ತರದ ಗೋಡೆಯಿದ್ದು ಮನುಷ್ಯನನ್ನು ಅಪ್ಪಿ ಹಿಡಿಯುವಂಥದ್ದು, ಅದೇ! ನನಗೆ ಬೇಕಾಗಿದ್ದದ್ದು ಒಂದೇ. ಆದರೆ ಗಂಡ ಹೆಂಡಿರಂತೆ ಪಕ್ಕಪಕ್ಕ ಕೂತಿದ್ದವನ್ನು ಅಗಲಿಸಲು ಮನಸ್ಸು ಬರಲಿಲ್ಲ.

ನನ್ನ ಹೆಂಡತಿ ಸುಮಿಯೆ ಅವನ್ನು ಸುತ್ತು ಹಾಕಿ ನೋಡಿದಳು.

“ಇದರ ಹೆಸರೇನಂದ್ರಿ?”

“ಬಕೆಟ್ ಸೀಟು.”

“ಕೂರೋಕಾ, ಸ್ನಾನಕ್ಕಾ?”

“ನಿನಗೆ ಗೊತ್ತಾಗಲ್ಲ ಬಿಡು. ದೇಹವೂ ಕಾರೂ ಒಂದಾಗುತ್ತೆ!”

“ಆಗ್ಲಿ. ಒಂದಾದ್ಮೇಲೆ ಬೇರೆ ಮಾಡೋದು ಹ್ಯಾಗೆ ಅಂತ ಅಂಗಡಿಯವನು ಹೇಳಿದ್ನಾ?”

ಆಹಾ, ನನ್ನ ಹೆಂಡತಿಯ ನಾಲಗೆಯಲ್ಲಿ ಅವತ್ತು ಯಾವ ದೇವರು ಕೂತಿದ್ದನೋ! ನಾನು ನಕ್ಕುಬಿಟ್ಟೆ.

ಭಾನುವಾರ ಸಂಜೆ ಕೆಲಸ ಮುಗಿಯಿತು. ಹಳೇ ಸೀಟಿಗೆ ನಾಲ್ಕು ಬೋಲ್ಟು, ಹೊಸದಕ್ಕೂ ನಾಲ್ಕು. ಚಳಿಗಾಲದಲ್ಲಿ ಬೇಗ ಕತ್ತಲಾಗುತ್ತದೆಂದು ಸುಮಿಯೆಯ ಪುಟ್ಟ ಕಾರನ್ನು ಎದುರಿಗೆ ನಿಲ್ಲಿಸಿ, ಅದರ ದೀಪ ಹಾಕಿಕೊಂಡು, ಶಸ್ತ್ರಚಿಕಿತ್ಸೆ ಮಾಡುವ ವೈದ್ಯನ ಗತ್ತಿನಲ್ಲಿ ದುಡಿದೆ. ಮುಗಿಸಿ ಹೆಂಡತಿಯನ್ನು ಕರೆದು ಪಟ್ಟಾಭಿಷೇಕಕ್ಕೆ ಕೂರಿಸಿದೆ. ಅವಳು ಎಡಗಡೆಯಿಂದ ಬೆಲ್ಟ್ ಎಳೆದುಕೊಂಡು ಬಲಗಡೆ ತಡಕಾಡಿದಳು.

“ರೀ, ಇದನ್ನ ಚುಚ್ಚೋದೆಲ್ಲಿಗೆ?”

ನಾನೂ ತಡಕಾಡಿದೆ. ಬೆಲ್ಟಿನ ಕೊಂಡಿಯನ್ನು ಹಿಡಿಯುವ ಆ ಪುಟ್ಟ ಗೂಡು, ಅಂದರೆ ಬಕಲ್ಲು, ಇರಲೇ ಇಲ್ಲ! ಎಲ್ಲಿತ್ತು? ಅಂಗಳದಲ್ಲಿ, ನಾನು ಬಿಚ್ಚಿ ಎಸೆದ ಹಳೇ ಸೀಟಿನ ಪಕ್ಕೆಯಲ್ಲಿ, ಬೋಲ್ಟು ಹಾಕಿಸಿಕೊಂಡು ಸುಖವಾಗಿ ಕೂತಿತ್ತು.

“ಈ ಬೆಲ್ಟೇ ಬೇಡ ಕಣೇ. ರೇಸಿನವರ ಹಾಗೆ ಎರಡೂ ಹೆಗಲ ಮೇಲಿಂದ ನಾಲ್ಕು ಪಟ್ಟಿ ಹಾಕಿಬಿಡ್ತೀನಿ.”

“ಇಲ್ಲಿ ಕೂರೋ ನನ್ನ ಮಗಳೇನು ಪಾರ್ಸೆಲ್ಲಾ? ಕಂಪನಿಯವರು ಕೊಟ್ಟ ಬೆಲ್ಟು ಇರ್ಲಿ. ಅದಿಲ್ಲದೆ ಈ ಗಾಡೀಲಿ ಅವಳು ಒಂದು ಗೇಣೂ ಹೋಗಲ್ಲ.”

ಹೀಗಾಗಿ ಬಕಲ್ಲನ್ನು ಬಿಚ್ಚಿ ತಂದು ಹೊಸ ಸೀಟಿನ ಪಕ್ಕೆಗೆ ಬಿಗಿದೆ. ಬಿಗಿದದ್ದೇನೋ ಭದ್ರವೇ. ಆದರೆ ಹೊಸ ಸೀಟಿನ ಗೋಡೆ ಎತ್ತರ, ಬಕಲ್ಲು ಗಿಡ್ಡ. ಅದು ಗೋಡೆಯ ಆಚೆ ಹಾಳು ಬಾವಿಯ ತಳದಲ್ಲಿರುವ ಚೊಂಬಿನಂತೆ ಕೂತುಬಿಟ್ಟಿತು. ಎರಡು ಬೆರಳು ಇಳಿಸಿ, ಉಸಿರು ಹಿಡಿದು, ನಾಲಗೆ ಕಚ್ಚಿಕೊಂಡರೆ ಸಿಗುತ್ತಿತ್ತು. “ಅಭ್ಯಾಸವಾಗುತ್ತೆ” ಅಂದೆ. ಸುಮಿಯೆ ಆ ಬಾವಿಯೊಳಗೊಮ್ಮೆ ಇಣುಕಿ ಒಳಗೆ ಹೋದಳು. ಅವಳು ಇಣುಕಿದಾಗಲೇ ನಾನು ಹೆದರಬೇಕಿತ್ತು!

ಮರುದಿನ ಸೋಮವಾರ ಇಪ್ಪತ್ತು ತುಂಬಿದವರ ಸಮಾರಂಭ. ಊರಿನ ಅಷ್ಟೂ ಹುಡುಗ ಹುಡುಗಿಯರು ಸಿಂಗರಿಸಿಕೊಂಡು ಸಭಾಭವನದಲ್ಲಿ ಸೇರುವ ದಿನ. ನಮ್ಮ ಒಬ್ಬಳೇ ಮಗಳು ಚಿಹಾರುಗೂ ಇಪ್ಪತ್ತು. ಅಷ್ಟೇ ಅಲ್ಲ, ಮೇಯರರ ಭಾಷಣವಾದ ಮೇಲೆ ಎಲ್ಲ ಯುವಜನರ ಪರವಾಗಿ ವೇದಿಕೆಯ ಮೇಲೆ ಮಾತಾಡಬೇಕಾದವಳೂ ಅವಳೇ! ಚಿಕ್ಕಂದಿನಲ್ಲಿ ಅಂಗಡಿಯವನಿಗೆ ‘ತೋಫು ಕೊಡಿ’ ಅನ್ನಲೂ ನಾಚುತ್ತಿದ್ದ ಹುಡುಗಿ. ಡಿಸೆಂಬರಿನಿಂದ ಬಚ್ಚಲಮನೆಯಲ್ಲಿ ಭಾಷಣ ಅಭ್ಯಾಸ ಮಾಡಿದ್ದಳು. ನಮ್ಮ ಮನೆಯ ಟವೆಲುಗಳಿಗೂ ಅದು ಬಾಯಿಪಾಠ.

ಚಿಹಾರು ನಸುಕಿಗೇ ಎದ್ದು ಪಕ್ಕದ ಬೀದಿಯ ಸಿಂಗಾರದಂಗಡಿಗೆ ನಡೆದುಹೋಗಿದ್ದಳು. ಅವಳನ್ನು ಅಲ್ಲಿಂದ ಸುಮಿಯೆಯ ಕಾರಿನಲ್ಲಿ ನದಿಯಾಚೆಯ ಸಭಾಭವನಕ್ಕೆ ಕರೆದೊಯ್ಯುವುದೆಂದು ಮೊದಲೇ ನಿಶ್ಚಯವಾಗಿತ್ತು. ಸುಮಿಯೆ ಕಪ್ಪು ಕೋಟು, ಮುತ್ತಿನ ಸರ ಹಾಕಿಕೊಂಡು ಕಾರಿನ ಕೀಲಿ ತಿರುವಿದಳು. ಕಾರು ಕೆಮ್ಮಲೂ ಇಲ್ಲ.

“ರೀ... ನಿನ್ನೆ ಇದರ ದೀಪ ಆರಿಸಿದ್ರಾ?”

ನಾನು ಬೆಟ್ಟ ನೋಡಿದೆ.

“ಬೇರೆ ಕಾರಿಂದ ಕರೆಂಟು ಕೊಡೋ ತಂತಿ ಇತ್ತಲ್ಲ?”

“ನನ್ನ ತಮ್ಮನಿಗೆ ಕೊಟ್ಟಿದ್ದೆ.”

“ಟ್ಯಾಕ್ಸಿ?”

ಆ ದಿನ ನಮ್ಮೂರಲ್ಲಿ ಟ್ಯಾಕ್ಸಿ ಸಿಗುವುದಕ್ಕಿಂತ ಸಮುದ್ರ ಸಿಗುವುದು ಸುಲಭ. ಗುನ್ಮಾದಲ್ಲಿ ಸಮುದ್ರವೇ ಇಲ್ಲ!

ಉಳಿದದ್ದು ನನ್ನ ಸಿಂಹಾಸನ. ಈ ಬಕೆಟ್ ಸೀಟು ಮುಂದಕ್ಕೆ ಮಡಚುವುದಿಲ್ಲ ಎಂಬ ಪರಮಸತ್ಯ ಆಗ ಹೊಳೆಯಿತು. ಎರಡು ಬಾಗಿಲಿನ ಕಾರಿನಲ್ಲಿ ಮುಂದಿನ ಸೀಟು ಮಡಚದಿದ್ದರೆ ಹಿಂದೆ ಹೋಗುವುದೆಲ್ಲಿಂದ? ಸುಮಿಯೆ ಹಿಂದಿನ ಗಾಜಿನ ಬಾಗಿಲೆತ್ತಿ, ಚಪ್ಪಲಿ ಕೈಯಲ್ಲಿ ಹಿಡಿದು, ಮುತ್ತಿನ ಸರ ಹಲ್ಲಲ್ಲಿ ಕಚ್ಚಿಕೊಂಡು, ಕಿಟಕಿಯಿಂದ ನುಗ್ಗುವ ಬೆಕ್ಕಿನಂತೆ ಒಳಗೆ ಹೋಗಿ ಹಿಂದಿನ ಸೀಟಿಗೆ ಉರುಳಿದಳು.

ಸಿಂಗಾರದಂಗಡಿಯಿಂದ ಚಿಹಾರು ಹೊರಗೆ ಬಂದಳು. ಅವಳ ಅಜ್ಜಿ ಉಟ್ಟು, ಸುಮಿಯೆ ಉಟ್ಟು, ಈಗ ಅವಳಿಗೆ ಬಂದ ಕೆಂಪು ಕಿಮೋನೊ. ನೆಲ ಮುಟ್ಟುವ ತೋಳು. ಬೆನ್ನಿನ ಮೇಲೆ ದೊಡ್ಡ ಹೂವಿನಂತೆ ಕಟ್ಟಿದ ಸೊಂಟಪಟ್ಟಿಯ ಗಂಟು. ಸೊಂಟ ಸಪಾಟಾಗಿ ಕಾಣಲೆಂದು ಒಳಗೆ ಟವೆಲು ಸುತ್ತಿ ಸುತ್ತಿ ಇಟ್ಟಿದ್ದರು. ಬೆನ್ನು ಒರಗಬಾರದು, ಗಂಟು ಚಪ್ಪಟೆಯಾಗಬಾರದು, ಇದು ಅಂಗಡಿಯಾಕೆಯ ಅಪ್ಪಣೆ.

“ಅಪ್ಪಾ, ಇದರಲ್ಲಾ?”

“ಕೂತು ನೋಡು ಮಗಳೇ, ರಾಣಿ ಥರ ಇರುತ್ತೆ!”

ರಾಣಿಯನ್ನು ಸೀಟಿಗೆ ಇಳಿಸಲು ಸೀಸೆಗೆ ಬಿರಡೆ ತುರುಕುವಷ್ಟು ಕಷ್ಟವಾಯಿತು. ನಾನು ತಳ್ಳಿದೆ, ಅಂಗಡಿಯಾಕೆ ತೋಳು ಮಡಚಿದಳು, ಹಿಂದಿನಿಂದ ಸುಮಿಯೆ ಗಂಟು ಎತ್ತಿ ಹಿಡಿದಳು. ಬೆಲ್ಟು? ಅಂಗಡಿಯಾಕೆಯ ಉದ್ದ ಬಾಲದ ಬಾಚಣಿಗೆ ಇಳಿಸಿ ಸುಮಿಯೆ ಬಾವಿಯೊಳಗಿನ ಬಕಲ್ಲನ್ನು ನೆಟ್ಟಗೆ ನಿಲ್ಲಿಸಿದಳು, ನಾನು ಕೊಂಡಿ ಚುಚ್ಚಿದೆ. ಕ್ಲಿಕ್! ಮೂವರೂ ಚಪ್ಪಾಳೆ ತಟ್ಟಿದೆವು. ಮೂರ್ಖರು!

ಸಭಾಭವನ ತಲುಪಿದಾಗ ಒಳಗೆ ಮೇಯರರ ಭಾಷಣ ಶುರುವಾಗಿತ್ತು. ಹೊರಗಿನ ಧ್ವನಿವರ್ಧಕದಲ್ಲೂ ಕೇಳುತ್ತಿತ್ತು. ಅದು ಮುಗಿದರೆ ಚಿಹಾರು ವೇದಿಕೆಯ ಮೇಲಿರಬೇಕು.

“ಇಳಿ ಇಳಿ!”

“ಬೆಲ್ಟು ಬಿಚ್ಚಪ್ಪಾ!”

ಕೈ ಇಳಿಸಿದೆ. ರೇಷ್ಮೆ. ಇನ್ನೂ ಇಳಿಸಿದೆ. ಇನ್ನೂ ರೇಷ್ಮೆ. ದಾರಿಯ ಕುಲುಕಾಟಕ್ಕೆ ಟವೆಲು, ಕಿಮೋನೊ, ಮಗಳು ಎಲ್ಲ ಸೇರಿ ಆ ಸಂದಿಯನ್ನು ಗಾರೆ ಹಾಕಿದಂತೆ ಮುಚ್ಚಿದ್ದವು. ಬಕಲ್ಲಿನ ಗುಂಡಿ ಪಾತಾಳದಲ್ಲಿ! ಬಾಚಣಿಗೆ ಅಂಗಡಿಯಲ್ಲೇ ಉಳಿದಿತ್ತು.

“ಬೆಲ್ಟೇ ಕತ್ತರಿಸಿಬಿಡೋಣ” ಅಂದೆ.

“ಅಜ್ಜಿ ಕಿಮೋನೊ ಹತ್ತಿರ ಕತ್ತರಿ ಬಂದ್ರೆ ಊರೆಲ್ಲ ಕೇಳೋ ಹಾಗೆ ಕಿರುಚ್ತೀನಿ!” ಅಂದಳು ಚಿಹಾರು. ಕಣ್ಣಂಚಿನ ನೀರು ಮೇಕಪ್ಪಿನ ಗಡಿ ದಾಟಲು ಹೊಂಚುಹಾಕುತ್ತಿತ್ತು. “ಅಪ್ಪಾ, ನಾನು ಮಾತಾಡ್ಲೇಬೇಕು. ನಾನೇ ಕೈ ಎತ್ತಿ ಒಪ್ಕೊಂಡಿದ್ದು. ಜೀವನದಲ್ಲಿ ಮೊದಲನೇ ಸಲ ಕೈ ಎತ್ತಿದ್ದು.”

ನನ್ನ ಎದೆಯಲ್ಲಿ ಕೊನ್ಯಾಕು ಅಲುಗಿತು.

ಉಳಿದದ್ದು ಒಂದೇ ದಾರಿ. ಬಕಲ್ಲನ್ನೇ ಸೀಟಿನಿಂದ ಬಿಚ್ಚಬೇಕು. ಆದರೆ ಅದರ ಬೋಲ್ಟು ಇರುವುದು ಸೀಟಿನ ಪಕ್ಕೆಯ ಅಡಿಯಲ್ಲಿ. ನಿನ್ನೆಯಿಂದ ಕಾರಲ್ಲೇ ಬಿದ್ದಿದ್ದ ಸ್ಪ್ಯಾನರು ಹಾಕಬೇಕಾದರೆ ಸೀಟನ್ನೇ ನೆಲದಿಂದ ಎತ್ತಿ ಓರೆ ಮಾಡಬೇಕು. ಮಗಳ ಸಮೇತ!

“ಹಿಂದಿನ ಎರಡು ಬೋಲ್ಟು ನಂಗೆ ಬಿಡಿ, ಸ್ಪ್ಯಾನರ್ ಕೊಡಿ” ಅಂದಳು ಸುಮಿಯೆ ಹಿಂದಿನಿಂದ. “ಯಾವ ಕಡೆಗೆ ತಿರುಗಿಸ್ಲಿ?”

“ಎಡಕ್ಕೆ!”

“ಯಾರ ಎಡ? ನಾನು ತಲೆಕೆಳಗಾಗಿದೀನಿ!”

ಬೋಲ್ಟುಗಳೇನೋ ಬಂದವು. ಎತ್ತುವವರು ಯಾರು? ಅಷ್ಟರಲ್ಲಿ ಬಂತು ದಂಡು. ಪ್ರತಿ ವರ್ಷವೂ ಬರುತ್ತದೆ ಇಂಥದ್ದು: ಬಂಗಾರ ಬಣ್ಣದ ಕೂದಲು, ನೇರಳೆ ಜರಿಯ ನಿಲುವಂಗಿ, ಕೈಯಲ್ಲಿ ತಮ್ಮ ಶಾಲೆಯ ಹೆಸರಿನ ಬಾವುಟ, ಸಮಾರಂಭಕ್ಕೆ ತಡವಾಗಿ ಬರುವುದೇ ಪ್ರತಿಷ್ಠೆ. ನಾಲ್ವರು. ನಾನು ಬಾಗಿಲಿಗೆ ಅಡ್ಡ ನಿಂತೆ.

ಮುಂದಾಳು ಗೆನ್ಯಾ ಎಂಬವನು ಬಗ್ಗಿ ನೋಡಿದ.

“ಲೋ, ಇದು ಚಿಹಾರು ಕಣ್ರೋ! ಶಾಲೇಲಿ ಹೋಂವರ್ಕ್ ತೋರಿಸೋ ತನಕ ನಮ್ಮನ್ನ ಮನೇಗ್ ಬಿಡ್ತಾ ಇರ್ಲಿಲ್ಲ. ಈಗ ಇವಳನ್ನೇ ಯಾರೋ ಬಿಡ್ತಾ ಇಲ್ಲ!”

“ಬಾಯ್ಮುಚ್ಕೊಂಡು ಎತ್ತೋ!” ಅಂದಳು ನನ್ನ ನಾಚಿಕೆಯ ಮಗಳು.

“ಅಂಕಲ್, ಎಷ್ಟು ಎತ್ಬೇಕು?”

“ಒಂದು ಗೇಣು. ಎತ್ತಿ ಬಾಗಿಲ ಕಡೆ ಓರೆ ಮಾಡಿ.”

“ಅಷ್ಟೇನಾ? ಬೇಸಿಗೇಲಿ ದೇವರ ಪಲ್ಲಕ್ಕಿ ಹೊರೋದು ನಾವೇ!”

ಇಬ್ಬರು ಬಾಗಿಲಲ್ಲಿ ಕೈಕೊಟ್ಟರು. ಇಬ್ಬರು ಜರಿಯ ತೋಳು ಸುತ್ತಿಕೊಂಡು ಹಿಂದಿನ ಗಾಜಿನ ಬಾಗಿಲಿಂದ ನುಗ್ಗಿ ಸುಮಿಯೆಯ ಅಕ್ಕಪಕ್ಕ ಸೇರಿದರು. ಪಲ್ಲಕ್ಕಿ ಹೊತ್ತ ಹೆಗಲಿದ್ದ ಮೇಲೆ ಬಾಯಿ ಸುಮ್ಮನಿರುವುದಿಲ್ಲ. “ವಾಶ್ಶೊಯ್! ವಾಶ್ಶೊಯ್!” ಎಂದು ಕೂಗುತ್ತ ಎತ್ತಿದರು. ಕಿಮೋನೊದ ತೋಳುಗಳನ್ನು ಎದೆಗವಚಿಕೊಂಡು, ಉತ್ಸವಮೂರ್ತಿಯಂತೆ ನೆಟ್ಟಗೆ ಕೂತು, ನನ್ನ ಮಗಳು ಮೇಲಕ್ಕೆದ್ದಳು. ನಾನು ಡ್ರೈವರ್ ಕಡೆಯಿಂದ ತಲೆ ಕೆಳಗೆ ತೂರಿಸಿ ಸ್ಪ್ಯಾನರ್ ಹಾಕಿದೆ. ಕಾಲಿಗೆ ಜಾಗ ಸ್ಟೀರಿಂಗಿನ ಮೇಲೆ ಮಾತ್ರ.

“ಯುವಜನರೇ, ನಿಮ್ಮ ಧ್ವನಿ...” ಅಂದರು ಧ್ವನಿವರ್ಧಕದಲ್ಲಿ ಮೇಯರರು.

ಪೋಂ!

“...ನಿಮ್ಮ ಧ್ವನಿ ಇಡೀ ಊರಿಗೆ...”

ಪೋಂ ಪೋಂ!

“ರೀ, ಕಾಲು ತೆಗೀರಿ! ಅವರು ಮಾತು ಮುಗಿಸಿಬಿಟ್ರೆ?”

ಮುಗಿಸಲಿಲ್ಲ! ಹಾರನ್ನು ಕೇಳಿ ತಮಗೆ ಜಯಘೋಷವೆಂದುಕೊಂಡರೋ ಏನೋ, ಆ ಪುಣ್ಯಾತ್ಮರು ಊರಿನ ಹೊಸ ಚರಂಡಿಯ ವಿಷಯ ಮೊದಲಿನಿಂದ ಹೇಳತೊಡಗಿದರು. ಅವರ ಉದ್ದ ಭಾಷಣವನ್ನು ವರ್ಷಗಟ್ಟಲೆ ಬೈದಿದ್ದೇನೆ. ಅವತ್ತು ಅವರ ಒಂದೊಂದು ವಾಕ್ಯಕ್ಕೂ ಮನಸ್ಸಿನಲ್ಲೇ ಕೈಮುಗಿದೆ. ಚರಂಡಿ ಇನ್ನೂ ಉದ್ದವಾಗಲಿ ಸ್ವಾಮೀ!

ಬೋಲ್ಟು ಕಳಚಿತು. ಬಕಲ್ಲು ಬೆಲ್ಟಿನ ಸಮೇತ ಹಾವಿನಂತೆ ಜಾರಿ ಬಂತು. ಹುಡುಗರು ಸೀಟನ್ನು ಇನ್ನಷ್ಟು ಓರೆ ಮಾಡಿದರು, ಬಿರಡೆ ‘ಪಟ್’ ಎಂದಿತು, ಚಿಹಾರು ನೆಲದ ಮೇಲೆ ನಿಂತಳು. ಸುಮಿಯೆ ಹಿಂದಿನಿಂದ ಇಳಿದುಬಂದು ಬೆನ್ನಿನ ಗಂಟು ಕೊಡವಿದಳು. ಹೂವು ಮತ್ತೆ ಅರಳಿತು. ನಾಲ್ವರು ಹುಡುಗರು ಬಾವುಟ ಹಿಡಿದು ಮುಂದೆ ಓಡಿ ದಾರಿ ಬಿಡಿಸಿದರು, ನನ್ನ ಮಗಳು ಹಿಂದೆ ಓಡಿದಳು.

ನಾವಿಬ್ಬರೂ ಸಭಾಭವನದ ಹಿಂದಿನ ಗೋಡೆಗೆ ಆನಿಕೊಂಡು ನಿಂತಾಗ ಅವಳು ಆಗಲೇ ವೇದಿಕೆಯ ಮೇಲಿದ್ದಳು. ಟವೆಲುಗಳು ಕೇಳಿದ್ದ ಭಾಷಣವೇ. ನಮಗೂ ಬಾಯಿಪಾಠ. ಆದರೆ ಕೊನೆಯಲ್ಲಿ, ತಂದೆತಾಯಿಯರಿಗೆ ಧನ್ಯವಾದ ಹೇಳುವ ಜಾಗದಲ್ಲಿ, ಅವಳು ಕಾಗದ ಮಡಚಿಬಿಟ್ಟಳು.

“ನಮ್ಮನ್ನ ಇಪ್ಪತ್ತು ವರ್ಷ ಭದ್ರವಾಗಿ ಹಿಡ್ಕೊಂಡಿದ್ದ ಅಪ್ಪ ಅಮ್ಮಂದಿರಿಗೆ ಧನ್ಯವಾದ. ನಮ್ಮಪ್ಪ ಇವತ್ತು ಬೆಳಿಗ್ಗೆ ನನ್ನನ್ನ ಸ್ವಲ್ಪ ಜಾಸ್ತೀನೇ ಭದ್ರವಾಗಿ ಹಿಡ್ಕೊಂಡಿದ್ರು.” ಆ ನಾಲ್ವರ ಬಾಯಿಂದ ಅರ್ಧ ಸಭೆಗೆ ವಿಷಯ ಆಗಲೇ ಗೊತ್ತಾಗಿತ್ತು. ನಗು ಎದ್ದಿತು. ಅವಳು ನಗು ಇಳಿಯುವ ತನಕ ಕಾದಳು, ನಾಚದೆ! “ಕೊನೆಗೆ ಬೋಲ್ಟ್ ಬಿಚ್ಚಿ ನನ್ನನ್ನ ಹೊರಗೆ ಬಿಟ್ಟೋರೂ ಅವರೇ. ಅದು ಎಷ್ಟು ಕಷ್ಟದ ಕೆಲಸ ಅಂತ ನಾನು ಕಣ್ಣಾರೆ ನೋಡ್ದೆ. ಅಪ್ಪಾ, ಥ್ಯಾಂಕ್ಸ್.”

ನಾನು ಕಣ್ಣೊರೆಸಿಕೊಂಡೆ. ಕೈಯಲ್ಲಿ ಗ್ರೀಸಿತ್ತು. ಮುಂದಿನ ಸಾಲಿನ ಹೆಂಗಸು ತಿರುಗಿ ನೋಡಿ ಬೆಚ್ಚಿದಳು.

ಹೊರಗೆ ಬಂದಾಗ ಗೆನ್ಯಾ ಮತ್ತು ಉಳಿದ ಮೂವರು ನನ್ನ ಕಾರಿನ ಸುತ್ತ ನಿಂತು ಸೀಟನ್ನು ತಟ್ಟಿ ನೋಡುತ್ತಿದ್ದರು. “ಅಂಕಲ್, ಸಕ್ಕತ್ತಾಗಿದೆ! ನೀವೇ ಹಾಕಿದ್ದಾ?” ಅಂದ. ನನ್ನ ಎದೆ ಮೆಲ್ಲಗೆ ಉಬ್ಬತೊಡಗಿತು. ದೇಹವೂ ಕಾರೂ ಒಂದಾಗುವ ತತ್ತ್ವವನ್ನು ಬೋಧಿಸಲು ಬಾಯಿ ತೆರೆದೆ.

ಅಷ್ಟರಲ್ಲಿ ಸುಮಿಯೆ ಮುಂದೆ ಬಂದಳು. ಮುತ್ತಿನ ಸರ ನೇರ ಮಾಡಿಕೊಂಡು, ಆ ನಾಲ್ವರಿಗೂ ಸೊಂಟ ಬಾಗಿಸಿ ಒಬ್ಬೊಬ್ಬರಿಗೇ ನಮಸ್ಕರಿಸಿದಳು. ಬಂಗಾರ ಕೂದಲಿನ ಪುಂಡರು ಗಾಬರಿಯಿಂದ ಕೈಕಟ್ಟಿ ನಿಂತರು.

“ನಿಮ್ಮ ಉಪಕಾರ ಯಾವತ್ತೂ ಮರೆಯಲ್ಲಪ್ಪಾ” ಅಂದಳು. “ಇನ್ನೊಂದು ಕೇಳ್ಕೋತೀನಿ, ಇಲ್ಲ ಅನ್ಬೇಡಿ. ಇವಳ ಮದುವೆಗೂ ನೀವು ನಾಲ್ಕೂ ಜನ ತಪ್ಪದೆ ಬನ್ನಿ. ಮದುಮಗಳನ್ನ ಈ ಕಾರಲ್ಲಿ ಮಂಟಪಕ್ಕೆ ಕರ್ಕೊಂಡು ಬರೋರು ನಮ್ಮ ಯಜಮಾನ್ರೇ.”