ನಮ್ಮ ಕಾರಿನಲ್ಲಿ ಅಳುತ್ತಿದ್ದ ಹೆಂಗಸು

ಮನೆ ಎಂದಮೇಲೆ ಕೆಟ್ಟುಹೋದ ನಾಲ್ಕು ವಸ್ತುಗಳು ಇರಲೇಬೇಕು, ಅವು ಕೆಟ್ಟಿವೆ ಎಂಬುದು ಮನೆಯವರಿಗೆ ಮರೆತೂ ಹೋಗಿರಬೇಕು. ರಾಮದುರ್ಗದ ನಮ್ಮ ಮನೆಯಲ್ಲಿ ಬಚ್ಚಲಿನ ನಲ್ಲಿಯನ್ನು ಬಂದ್ ಮಾಡಬೇಕಾದರೆ ಮೊದಲು ಸ್ವಲ್ಪ ಬಿಚ್ಚಬೇಕು. ಹಿತ್ತಲ ಬಾಗಿಲಿಗೆ ಹೆಗಲು ಕೊಟ್ಟು ಎತ್ತಿದರೆ ಮಾತ್ರ ಅದು ತೆರೆಯುತ್ತದೆ. ಪಡಸಾಲೆಯ ಗಡಿಯಾರ ಮುಂದೆ ಓಡುತ್ತದೆ. ಎಷ್ಟು ಮುಂದೆ ಎಂಬುದು ನಮಗೆಲ್ಲ ಗೊತ್ತಿರುವುದರಿಂದ ಅದು ಸರಿಯಾಗಿದೆ ಎಂದೇ ಲೆಕ್ಕ. ಬೀಗರು ಬಂದಾಗ ಮಾತ್ರ ಫಜೀತಿ. ಪಾಪ, ಅವರು ಗಡಿಯಾರ ನೋಡಿ ಗಾಬರಿಯಿಂದ ಎದ್ದು, ಕೈ ತೊಳೆಯಲೆಂದು ಬಚ್ಚಲಿಗೆ ಹೋಗಿ, ನಲ್ಲಿಯೊಂದಿಗೆ ಕುಸ್ತಿ ಹಿಡಿದು ಅರ್ಧ ಸ್ನಾನ ಮುಗಿಸಿಕೊಂಡೇ ಹೊರಗೆ ಬರುತ್ತಾರೆ. ನಾನು ಸುರೇಬಾನದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ತಪ್ಪು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. "ಗಿರಿಜಾ, ಎಲ್ಲಾದಕ್ಕೂ ಕೆಂಪು ಪೆನ್ನ ಹಿಡೀಬ್ಯಾಡ" ಎಂದು ನನ್ನ ಯಜಮಾನರು ಮದುವೆಯಾದಾಗಿನಿಂದ ಹೇಳುತ್ತಲೇ ಇದ್ದಾರೆ. ಅವರ ಮಾತು ಕೇಳಿದ್ದರೆ ಈ ಪ್ರಬಂಧ ಬರೆಯುವ ಪ್ರಸಂಗ ಬರುತ್ತಿರಲಿಲ್ಲ.

ನಮ್ಮ ಕಾರು ಮಾವನವರು ಇದ್ದಾಗ ಕೊಂಡದ್ದು, ಕೊಂಡಾಗಲೇ ಹಳೆಯದು. ಯಜಮಾನರಿಗೆ ಬೀಜ ಗೊಬ್ಬರದ ಅಂಗಡಿಗೆ ಹೋಗಿಬರಲು ಮೋಟರ್‌ಸೈಕಲ್ಲೇ ಸಾಕು; ಹೀಗಾಗಿ ಕಾರು ನನ್ನ ಪಾಲಿಗೆ ಬಂದಿತ್ತು. ಗಾಡಿ ಗಟ್ಟಿಮುಟ್ಟಾಗಿದೆ. ಆದರೆ ಕಂಪನಿಯವರು ಕೂಡಿಸಿ ಕಳಿಸಿದ್ದ ಟೇಪಿಗೆ ಕಾರಿಗಿಂತ ಬೇಗ ಮುಪ್ಪು ಬಂದಿತ್ತು. ವಾಲ್ಯೂಮ್ ತಿರುಗಿಸುವ ಗುಬಟೆ ಕೈಗೇ ಬರುತ್ತಿತ್ತು. ರೇಡಿಯೊ ಊರ ಹೊರಗಿನ ಇಳಿಜಾರಿನಲ್ಲಿ ಎರಡು ಮಾತಾಡಿ ಮತ್ತೆ ಮೌನ ವ್ರತ ಹಿಡಿಯುತ್ತಿತ್ತು. ಎಂದೋ ನಮ್ಮ ಅತ್ತೆಯವರು ಸವದತ್ತಿಯ ಗುಡ್ಡಕ್ಕೆ ಹೋದಾಗ ಅಲ್ಲಿನ ಅಂಗಡಿಯಲ್ಲಿ ಕೊಂಡು ತಂದ ಜಾನಪದ ಹಾಡಿನ ಕ್ಯಾಸೆಟ್ಟು ಅದರೊಳಗೆ ಹೋಗಿ ಕುಳಿತಿತ್ತು. ಹೋದದ್ದು ಹೋಯಿತು, ಹೊರಗೆ ಬರಲಿಲ್ಲ. ಅದರಲ್ಲಿ ಬೇರೆ ಹಾಡುಗಳೂ ಇದ್ದವು, ಆದರೆ ನಮ್ಮ ಮನೆಯ ಹಾಡು ಒಂದೇ. ಅಣ್ಣ ಬಂಡಿ ಹೂಡಿಕೊಂಡು ಕರೆಯಲು ಬಂದಿದ್ದಾನೆ, ತಂಗಿ ಗಂಡನ ಮನೆಯಿಂದ ತವರಿಗೆ ಹೊರಟಿದ್ದಾಳೆ, ಇಷ್ಟೇ ಅದರ ಸಂಗತಿ.

ಆದರೆ ಏನು ದನಿ ಅದು! ದಪ್ಪನೆಯ, ಭಾರವಾದ, ಒಂದೊಂದು ಅಕ್ಷರವನ್ನೂ ಕಣ್ಣೀರಲ್ಲಿ ಅದ್ದಿ ತೆಗೆದಂಥ ದನಿ. ಎತ್ತುಗಳು ಒಂದು ಹೆಜ್ಜೆ ಇಟ್ಟು ಯೋಚಿಸಿ ಇನ್ನೊಂದು ಇಡುತ್ತಿದ್ದವು. ಹಾಡು ಮುಗಿದರೂ ಆ ಬಂಡಿ ತವರು ಮುಟ್ಟಿದೆ ಎಂದು ನನಗೆ ಎಂದೂ ಅನ್ನಿಸಿರಲಿಲ್ಲ. ಹಾಡಿದವಳು ಯಾರೆಂದು ನಮಗೆ ಗೊತ್ತಿರಲಿಲ್ಲ; ಅತ್ತೆಯವರು ಮಾತ್ರ ಅವಳ ಪೂರ್ತಿ ಚರಿತ್ರೆಯನ್ನು ಬಲ್ಲವರಾಗಿದ್ದರು. "ಆಕಿ ಭಾಳ ನೊಂದಾಕಿ ನೋಡವಾ. ತವರಾಗ ಅವ್ವ ಅಪ್ಪ ಯಾರೂ ಉಳದಿಲ್ಲ. ಆದ್ರೂ ಅಣ್ಣ ಕರದಾನಂತ ಹೊಂಟಾಳ" ಎಂದು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಅವರ ತವರು ಕಿತ್ತೂರ ಹತ್ತಿರದ ದೇಗಾಂವ. ಪಂಚಮಿಗೆ ಅಣ್ಣ ಬಂದು ಕರೆದೊಯ್ಯುತ್ತಿದ್ದನಂತೆ. ಕಿತ್ತೂರಿನವರೆಗೆ ಬಸ್ಸು, ಮುಂದೆ ಬಂಡಿ. ಆ ಅಣ್ಣ ಈಗಿಲ್ಲ. ಹೀಗಾಗಿ ಅತ್ತೆಯವರು ಕಾರಿನ ಮುಂದಿನ ಸೀಟಿನಲ್ಲಿ ಕುಳಿತರೆಂದರೆ ಹಾಡು ಶುರುವಾಗಲೇಬೇಕು, ಜೊತೆಗೆ ಅವರೂ ಹಾಡಬೇಕು. ಕಾರಿನಲ್ಲಿ ಕೇಳಿ ಕೇಳಿ ನಾನು ಕಲಿತೆ, ಬೈಲಹೊಂಗಲಕ್ಕೆ ಕೊಟ್ಟ ನಾದಿನಿ ಕಲಿತಳು, ಅವಳ ಮಗಳು ಪೂರ್ಣಿಮಾ ಹಾಲು ಕುಡಿಯುವಾಗಲೇ ಕಲಿತಳು. ನಮ್ಮ ಮನೆಯ ಯಾವ ಉಡಿ ತುಂಬುವ ಕಾರ್ಯವೂ ಆ ಹಾಡಿಲ್ಲದೆ ಆಗುತ್ತಿರಲಿಲ್ಲ.

ಎಲ್ಲ ಕೆಡಿಸಿದವರು ನಮ್ಮ ಇಂಗ್ಲಿಷ್ ಟೀಚರು. ಅವರ ಸ್ಕೂಟಿ ರಿಪೇರಿಗೆ ಹೋಗಿದ್ದರಿಂದ ಒಂದು ವಾರ ನನ್ನ ಜೊತೆ ಸುರೇಬಾನಕ್ಕೆ ಬಂದರು. ಎರಡು ದಿನ ಸುಮ್ಮನಿದ್ದು ಮೂರನೆಯ ದಿನ ಕೇಳಿಯೇಬಿಟ್ಟರು. "ಅಲ್ರಿ ಗಿರಿಜಾ ಟೀಚರ್, ನಿಮ್ಮ ಗಾಡ್ಯಾಗ ದಿನಾ ಯಾರೋ ಅಳ್ತಾರಲ್ರಿ, ಏನಾಗೈತ್ರಿ ಆಕಿಗೆ?" ನಾನು ನಕ್ಕೆ. ನಗುವಾಗಲೇ ಒಳಗಿನಿಂದ ಕೆಂಪು ಪೆನ್ನು ಎದ್ದು ಕುಳಿತಿತ್ತು. ಫೋನಿಗೆ ಕೂಡಿಕೊಳ್ಳುವ, ಬೆರಳು ತಾಗಿಸಿದರೆ ಹಾಡುವ, ದನಿ ಸ್ವಚ್ಛವಾಗಿ ಕೇಳಿಸುವ ಹೊಸ ಸಿಸ್ಟಮ್ ಹಾಕಿಸಲೇಬೇಕೆಂದು ಹಟ ಹಿಡಿದೆ. "ಹಾಡಾಕತ್ತೈತಲ್ಲ? ಹಾಡೂದು ಬಿಟ್ಟ ಮ್ಯಾಲ ನೋಡೂಣು" ಎಂದರು ಯಜಮಾನರು. ಅವರ ವಿಚಾರದಲ್ಲಿ ವಸ್ತುವೊಂದು ಪೂರ್ತಿ ಪ್ರಾಣ ಬಿಡುವವರೆಗೆ ಅದಕ್ಕೆ ಚಿಕಿತ್ಸೆ ಮಾಡುವುದು ಅವಮಾನ.

ನಮ್ಮ ಕಡೆ ಗಾಡಿಗಳಿಗೆ ಸೌಂಡ್ ಕೂಡಿಸುವವರ ಕಸುಬು ಬೆಳೆದದ್ದು ಕಾರುಗಳಿಂದಲ್ಲ, ಕಬ್ಬಿನ ಟ್ರ್ಯಾಕ್ಟರುಗಳಿಂದ. ಹಂಗಾಮು ಶುರುವಾಯಿತೆಂದರೆ ಟ್ರ್ಯಾಕ್ಟರು ಕಣ್ಣಿಗೆ ಬೀಳುವ ಮೊದಲೇ ಅದರ ಹಾಡು ಊರು ಹೊಕ್ಕಿರುತ್ತದೆ. ನಾನು ಹೋದ ಅಂಗಡಿಯ ಮೌಲಾಸಾಬ ಇಂಥ ಕೆಲಸದಲ್ಲಿ ಹೆಸರು ಮಾಡಿದವನು. ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಅಕ್ಕಾರ, ಮೊದಲ ಒಂದ್ ಮಾತು ಹೇಳ್ರಿ. ಒಳಗಿನ ಮಂದಿ ಕೇಳಬೇಕೋ, ಹೊರಗಿನ ಮಂದಿ ಕೇಳಬೇಕೋ?" ಎಂದ.

"ಒಳಗಿನವ್ರು ಕೇಳಿದ್ರ ಸಾಕಪಾ" ಎಂದೆ.

ಅವನ ಮುಖ ಸಪ್ಪಗಾಯಿತು. "ಒಳಗ ಇರಾವ್ರು ಇಬ್ರೋ ಮೂವರೋ. ಅಷ್ಟ ಮಂದಿ ಸಲುವಾಗಿ ಇಷ್ಟೆಲ್ಲಾ ಮಾಡ್ಬೇಕೇನ್ರಿ?" ಎಂದು ಗೊಣಗಿದ. ಡಿಕ್ಕಿಯಲ್ಲಿ ಗುಂಯ್‌ಗುಡುವ ಒಂದು ಪೆಟ್ಟಿಗೆಯನ್ನಾದರೂ ಇಡುತ್ತೇನೆಂದು ಬಹಳ ಹೊತ್ತು ಚೌಕಾಸಿ ಮಾಡಿದ. ಡಿಕ್ಕಿಯಲ್ಲಿ ಜೋಳದ ಚೀಲ ಇಡಬೇಕೆಂದು ಹೇಳಿ ತಪ್ಪಿಸಿಕೊಂಡೆ. ಅವನು ಹಳೆಯ ಟೇಪನ್ನು ಜಗ್ಗಿ ತೆಗೆದಾಗ ನಮ್ಮ ಕ್ಯಾಸೆಟ್ಟು ಬಿಚ್ಚಿದ ಶ್ಯಾವಿಗೆಯಾಗಿ ಹೊರಬಂತು. ಒಳಗೆ ಒಂದು ರಬ್ಬರ್ ಪಟ್ಟಿ ಸಡಿಲಾಗಿ ಜೋತುಬಿದ್ದಿತ್ತು. ನಾನು ಅದನ್ನು ನೋಡಿದೆ, ನೋಡಿಯೂ ಏನೂ ಹೊಳೆಯಲಿಲ್ಲ. ಹಾಡಿನ ಮೊದಲ ಸಾಲು ಹೇಳಿದ್ದೇ ತಡ, ಮೌಲಾಸಾಬ ತನ್ನ ಫೋನಿನಲ್ಲಿ ಅದನ್ನು ಹುಡುಕಿ ಪೆನ್‌ಡ್ರೈವಿಗೆ ಹಾಕಿಕೊಟ್ಟ. ಸಿಸ್ಟಮ್ ಪರೀಕ್ಷೆ ಮಾಡಿದ್ದು ಮಾತ್ರ ತನ್ನ ಟ್ರ್ಯಾಕ್ಟರ್ ಹಾಡಿನಿಂದಲೇ. ಅಂಗಡಿಯ ಮುಂದಿನ ನಾಯಿ ಎದ್ದು ಬೇರೆ ಓಣಿಗೆ ಹೋಯಿತು.

ಮರುದಿನ ಅತ್ತೆಯವರನ್ನು ಮುಂದಿನ ಸೀಟಿನಲ್ಲಿ ಕೂಡಿಸಿಕೊಂಡು ಹೊಸ ಸಿಸ್ಟಮ್ಮಿನ ಉದ್ಘಾಟನೆಗೆ ಹೊರಟೆ. ಮಲಪ್ರಭೆಯ ಸೇತುವೆ ಬಂದಾಗ, "ಈಗ ಕೇಳ್ರಿ ಅತ್ತ್ಯಾರ" ಎಂದು ಬೆರಳು ತಾಗಿಸಿದೆ. ಡೊಳ್ಳು ಕುಣಿಯಿತು. ಅದರ ಹಿಂದೆ ಎಳೆಯ ಹುಡುಗಿಯೊಬ್ಬಳ ದನಿ ಚಂಗನೆ ನೆಗೆದು ಬಂತು. ಅದೇ ಹಾಡು, ಅದೇ ಸಾಲು, ಆದರೆ ಎತ್ತುಗಳು ಕಿತ್ತೆದ್ದು ಓಡುತ್ತಿದ್ದವು. ಹುಡುಗಿ ನಗುತ್ತಿದ್ದಳು. ಅಣ್ಣನನ್ನು ರೇಗಿಸುತ್ತಿದ್ದಳು. ಸೇತುವೆ ದಾಟುವಷ್ಟರಲ್ಲಿ ತವರು ಮುಟ್ಟಿ ಅವ್ವನ ಕೈಯಿಂದ ಪಂಚಮಿಯ ಉಂಡಿ ಇಸಿದುಕೊಂಡೂ ಬಿಟ್ಟಿದ್ದಳು.

ಅತ್ತೆಯವರು ಹಾಡು ಮುಗಿಯುವವರೆಗೆ ಸಿಸ್ಟಮ್ಮನ್ನೇ ದಿಟ್ಟಿಸಿದರು. ಆಮೇಲೆ, "ಈಕಿ ಯಾರು?" ಎಂದರು.

"ಆಕೀನ ರೀ ಅತ್ತ್ಯಾರ. ನಮ್ಮ ಹಾಡಿನಾಕೀನ."

"ಅಲ್ಲ. ಆಕಿ ತಂಗಿ ಇರಬೇಕು."

ಇಲ್ಲಿ ನಾನು ಸುಮ್ಮನಿರಬಹುದಿತ್ತು. ಹೌದು, ತಂಗಿಯೇ ಎಂದಿದ್ದರೆ ನನ್ನ ಗಂಟೇನೂ ಹೋಗುತ್ತಿರಲಿಲ್ಲ. ಆದರೆ ರಬ್ಬರ್ ಪಟ್ಟಿ ಆಗ ಹೊಳೆದಿತ್ತು, ಹೊಳೆದದ್ದನ್ನು ಹೇಳದಿದ್ದರೆ ನನಗೆ ಊಟ ಸೇರುವುದಿಲ್ಲ. ಕಾರನ್ನು ಪಕ್ಕಕ್ಕೆ ನಿಲ್ಲಿಸಿ ಪಾಠ ಶುರು ಮಾಡಿದೆ. ಟೇಪಿನೊಳಗೆ ಒಂದು ಪಟ್ಟಿ ಇರುತ್ತದೆ, ಅದು ಸಡಿಲಾದರೆ ಕ್ಯಾಸೆಟ್ಟು ನಿಧಾನವಾಗಿ ತಿರುಗುತ್ತದೆ, ಆಗ ಕಂಪನ ಕಡಿಮೆಯಾಗಿ ದನಿ ದಪ್ಪಗಾಗುತ್ತದೆ, ಹುಡುಗಿ ಮುದುಕಿಯಾಗುತ್ತಾಳೆ, ನಗು ಅಳುವಾಗುತ್ತದೆ. ನಮ್ಮ ಕಾರಿನ ಟೇಪು ಮೊದಲಿನಿಂದಲೂ ಹೀಗೇ ಕುಂಟುತ್ತಿತ್ತು. ಇದನ್ನು ಹೇಳುತ್ತಿರುವಾಗ ನನಗೇ ನಾಚಿಕೆಯಾಯಿತು. ವರ್ಷಾ ವರ್ಷಾ ಒಂಬತ್ತನೆಯ ಇಯತ್ತೆಗೆ ಶಬ್ದದ ಪಾಠ ಮಾಡುವವಳು ನಾನು. ಆ ಪಾಠಕ್ಕೆ ಹೋಗುವ ದಾರಿಯುದ್ದಕ್ಕೂ ಅದರ ಪ್ರಯೋಗ ನನ್ನ ಕಿವಿಯ ಬುಡದಲ್ಲೇ ನಡೆಯುತ್ತಿತ್ತು.

ಅತ್ತೆಯವರು ಶಾಂತವಾಗಿ ಕೇಳಿದರು. "ಅಂದ್ರ, ಇಷ್ಟ ವರ್ಷ ನಾ ಒಂದ್ ರಬ್ಬರ್ ಪಟ್ಟಿ ಸಲುವಾಗಿ ಅತ್ತೇನಿ ಅಂತಿ?"

ನಾನು ಕಾರು ಶುರು ಮಾಡಿದೆ. ಅವರು ಅಂದಿನಿಂದ ಹಿಂದಿನ ಸೀಟಿಗೆ ಹೋದರು. ಮನೆಯಲ್ಲಿ ರೊಟ್ಟಿ ಬಡಿಯುವಾಗ ಗುನುಗುತ್ತಿದ್ದವರು ಈಗ ಬರೀ ರೊಟ್ಟಿ ಬಡಿದರು. ನನಗೆ ಬಹಳ ಕೆಟ್ಟದೆನ್ನಿಸಿತು. ಮೌಲಾಸಾಬನ ಅಂಗಡಿಗೆ ಹೋಗಿ ಹಳೆಯ ಟೇಪನ್ನು ವಾಪಸು ಕೇಳಿದರೆ ಅದು ಗುಜರಿಗೆ ಹೋಗಿತ್ತು. "ಹೊಸಾದು ಭಾಳ ಸಣ್ಣ ಸೌಂಡ್ ಆತಲ್ರಿ? ನಾ ಆವತ್ತ ಹೇಳಿದ್ನಿ" ಎಂದು ಅವನು ಮತ್ತೆ ಪೆಟ್ಟಿಗೆಯ ಮಾತು ತೆಗೆದ.

ಇಷ್ಟರಲ್ಲಿ ನಾದಿನಿಯ ಮಗಳು ಪೂರ್ಣಿಮಾಳ ಕುಬಸದ ಕಾರ್ಯ ಬಂತು. ಚೊಚ್ಚಲ ಬಸುರಿ, ಅತ್ತೆಯವರಿಗೆ ಒಬ್ಬಳೇ ಮೊಮ್ಮಗಳು. ಆ ಹಾಡಿಲ್ಲದೆ ಅವಳ ಉಡಿ ತುಂಬುವುದೆಂದರೆ ನಮ್ಮ ಮನೆಯಲ್ಲಿ ಊಹಿಸುವ ಮಾತೂ ಅಲ್ಲ. ಅತ್ತೆಯವರು ಹೋಳಿಗೆ ಕಟ್ಟಿದರು, ಹಸಿರು ಸೀರೆ ಮಡಿಚಿಟ್ಟರು, ಆದರೆ, "ನಾ ಹಾಡಂಗಿಲ್ಲವಾ. ಅದು ನಗೂ ಹಾಡಂತ ಗೊತ್ತಾದ ಮ್ಯಾಲ ಹೆಂಗ ಅಳ್ಕೋತ ಹಾಡ್ಲಿ? ನನಗ ಹಂಗ ಓಡಾಕ ಬರೂದಿಲ್ಲ" ಎಂದುಬಿಟ್ಟರು. ಕೆಡಿಸಿದವಳು ನಾನು, ಸರಿಮಾಡುವವಳೂ ನಾನೇ ಎಂದು ನಿರ್ಧರಿಸಿ, ಸುರೇಬಾನದ ದಾರಿಯಲ್ಲಿ ಸಿಸ್ಟಮ್ಮಿನ ಹುಡುಗಿಯ ಜೊತೆ ಹಾಡುತ್ತ ಓಡುವುದನ್ನು ಅಭ್ಯಾಸ ಮಾಡಿದೆ. ಶಾಲೆ ಮುಟ್ಟುವಾಗ ಏದುಸಿರು ಬರುತ್ತಿತ್ತು. ಕಾರಿನಲ್ಲಿ ಬಂದವಳಿಗೆ ಇಷ್ಟು ದಣಿವೇಕೆಂದು ಇಂಗ್ಲಿಷ್ ಟೀಚರು ಅನುಮಾನದಿಂದ ನೋಡಿದರು.

ಬೈಲಹೊಂಗಲದ ನಾದಿನಿಯ ಮನೆಯಲ್ಲಿ ಪಡಸಾಲೆ ತುಂಬ ಹೆಂಗಸರು. ಹಸಿರು ಸೀರೆ, ಹಸಿರು ಬಳೆ ತೊಟ್ಟು ಪೂರ್ಣಿಮಾ ಮಣೆಯ ಮೇಲೆ ಕುಳಿತಳು. ಅವಳ ಗಂಡ ಬಾಗಿಲ ಬಳಿ ಫೋನು ಹಿಡಿದು ನಿಂತ. ಅತ್ತೆಯವರು ತಲೆ ತಗ್ಗಿಸಿ ಅಕ್ಕಿ ಆರಿಸುವವರಂತೆ ಸೆರಗಿನ ಅಂಚು ನೋಡುತ್ತಿದ್ದರು. ನಾನು ಗಂಟಲು ಸರಿಮಾಡಿಕೊಂಡು ಶುದ್ಧ ವೇಗದಲ್ಲಿ ಹಾಡು ಎತ್ತಿದೆ. ಯಾರೂ ಜೊತೆಗೂಡಲಿಲ್ಲ. ನಾದಿನಿ ಒಂದು ಸಾಲು ಹಿಡಿಯಲು ನೋಡಿ, ಹೊರಟ ಬಸ್ಸಿಗೆ ಕೈ ಮಾಡಿ ಸೋತವಳಂತೆ ನಿಂತುಬಿಟ್ಟಳು.

"ಮಾಮಿ, ನಿಂದರ್ರಿ" ಎಂದು ಪೂರ್ಣಿಮಾ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಹಿಂಗ ಓಡಿಸಿದ್ರ ಬಸರಿ ಹೆಂಗಸು ಬಂಡ್ಯಾಗ ಹೆಂಗ ಕುಂಡ್ರಬೇಕ್ರಿ? ಆಯಿ, ನೀ ಹಾಡ."

"ನಂದು ಖರೇ ಹಾಡ ಅಲ್ಲವಾ, ಪೂರ್ಣಿ" ಎಂದರು ಅತ್ತೆಯವರು.

"ಟೇಪಿಂದು ಖರೇ ಇರ್ಲಿ ಸುಳ್ಳ ಇರ್ಲಿ, ನನಗೇನು? ನನಗ ನಿನ್ನ ಹಾಡ ಬೇಕು."

ಅತ್ತೆಯವರು ತಲೆ ಎತ್ತಿ ಮೊಮ್ಮಗಳ ಮುಖ ನೋಡಿದರು. ಆಮೇಲೆ ಕಣ್ಣು ಮುಚ್ಚಿ ಶುರು ಮಾಡಿದರು. ಎತ್ತುಗಳು ಮತ್ತೆ ಒಂದು ಹೆಜ್ಜೆ ಇಟ್ಟು ಯೋಚಿಸತೊಡಗಿದವು. ನಾದಿನಿ ಕೂಡಿದಳು, ಪೂರ್ಣಿಮಾ ಕೂಡಿದಳು. ನಾನೂ ಕೂಡಿದೆ, ಆದರೆ ವಾರಗಟ್ಟಲೆ ಓಡಿ ರೂಢಿಯಾದ ನಾಲಿಗೆ ನನ್ನ ಮಾತು ಕೇಳಲಿಲ್ಲ. ಸಾಲಿನ ಕೊನೆಗೆ ಮೊದಲೇ ಹೋಗಿ ಅವರ ಹಾದಿ ಕಾಯುತ್ತ ನಿಲ್ಲುತ್ತಿದ್ದೆ. ಹಾಡು ಮುಗಿದಾಗ ಪಕ್ಕದ ಮನೆಯ ಹಿರಿಯ ಹೆಂಗಸೊಬ್ಬರು ಕಣ್ಣೊರೆಸಿಕೊಳ್ಳುತ್ತ, "ನಮ್ಮ ಕಡೆ ಇದನ್ನ ಭಾಳ ಗಡಿಬಿಡಿಲೆ ಹಾಡ್ತೇವ್ರಿ. ರಾಮದುರ್ಗದ ಕಡೆ ಹಿಂಗ ಹಾಡ್ತೀರೇನ್ರಿ? ನಮಗೂ ಕಲಸ್ರಿ" ಎಂದರು.

"ಹೌದ್ರಿ, ನಮ್ಮ ಕಡೆ ಹಿಂಗ" ಎಂದರು ಅತ್ತೆಯವರು, ನನ್ನ ಕಡೆ ನೋಡುತ್ತ. ನಾನು ಬಾಯಿ ತೆರೆದೆ. ರಬ್ಬರ್ ಪಟ್ಟಿ ತುದಿನಾಲಿಗೆಗೆ ಬಂದಿತ್ತು. ಒಂದು ದೊಡ್ಡ ಹೋಳಿಗೆ ತುಂಡನ್ನು ಬಾಯಿಗಿಟ್ಟುಕೊಂಡು ಅದನ್ನು ಒಳಗೇ ಕಳಿಸಿದೆ.

ಪೂರ್ಣಿಮಾಳ ಗಂಡ ಫೋನಿನಲ್ಲಿ ಹಿಡಿದದ್ದನ್ನು ನಮಗೂ ಕಳಿಸಿದ. ಈಗ ಅತ್ತೆಯವರು ಮುಂದಿನ ಸೀಟಿಗೆ ಮರಳಿದ್ದಾರೆ. ಕಾರು ಓಣಿ ದಾಟುವ ಮೊದಲೇ ಅವರದೇ ಬೆರಳು ಸಿಸ್ಟಮ್ಮಿಗೆ ತಾಗುತ್ತದೆ, ಅವರದೇ ದನಿ ನಾಲ್ಕೂ ಬಾಗಿಲುಗಳಿಂದ ತುಂಬಿ ಬರುತ್ತದೆ. ಹೊಸ ಸಿಸ್ಟಮ್ಮಿನ ಬಗ್ಗೆ ನಾನು ಹೇಳಿದ್ದೆಲ್ಲ ನಿಜವಾಗಿದೆ. ಬಳೆಗಳ ಸದ್ದು, ಪೂರ್ಣಿಮಾಳ ಬಿಕ್ಕು, ಯಾರೋ ಲೋಟ ಇಟ್ಟದ್ದು, ಎಲ್ಲ ಬೇರೆ ಬೇರೆಯಾಗಿ ಕೇಳಿಸುತ್ತವೆ. ಹಾಗೆಯೇ, ಪ್ರತಿ ಸಾಲಿನಲ್ಲೂ ಎಲ್ಲರಿಗಿಂತ ಮುಂದೆ ಧಾವಿಸಿ, ಅಪಸ್ವರ ತೆಗೆದು ನಿಂತು ಉಸಿರು ಬಿಡುವ ಒಂದು ಹೆಣ್ಣುದನಿಯೂ ಸ್ವಚ್ಛವಾಗಿ ಕೇಳಿಸುತ್ತದೆ.

"ಯಾರವಾ ಆಕಿ, ಹಂಗ ಓಡಾಕತ್ತಾಳ? ಬಸ್ಸ ತಪ್ಪತೈತೇನ ಆಕಿಗೆ?" ಎಂದು ಅತ್ತೆಯವರು ಪ್ರತಿ ಸಲ ಏನೂ ಅರಿಯದವರಂತೆ ಕೇಳುತ್ತಾರೆ.

"ಯಾರೋ ಏನೋ ರೀ ಅತ್ತ್ಯಾರ. ಪಾಪ, ಭಾಳ ನೊಂದಾಕಿ ಇರಬೇಕು" ಎಂದು ನಾನು ಗೇರು ಬದಲಿಸುತ್ತೇನೆ.

"ಇನ್ನೊಂದೀಟ ದೊಡ್ಡದ ಮಾಡ ಹಂಗಾರ, ಹೊರಗಿನ ಮಂದೀನೂ ಕೇಳ್ಲಿ" ಎನ್ನುತ್ತಾರೆ ಅವರು.