ಬಾದಾಮಿ ಹಿಂದೆ ಸರಿದದ್ದು

ಜಾಗ ಬಿಟ್ಟುಕೊಡುವುದರಲ್ಲಿ ನನ್ನಷ್ಟು ಪಳಗಿದವರು ಕಡಿಮೆ. ಶಿವಾಜಿನಗರದ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತವನು ಇಳಿಯುವ ಹೊತ್ತಿಗೆ ಹೇಗೋ ಕಂಬ ಹಿಡಿದು ನಿಂತಿರುತ್ತೇನೆ. ಕಮರ್ಷಿಯಲ್ ಸ್ಟ್ರೀಟಿನಲ್ಲಿ ಅಂಗಡಿಯವನು ನನ್ನ ಎದೆಗೆ ಹಿಡಿದು ನೋಡಿದ ಅಂಗಿಯನ್ನು, ಬಣ್ಣ ಹಿಡಿಸದಿದ್ದರೂ, ಅವನಿಗೆ ಬೇಜಾರಾದೀತೆಂದು ಕೊಂಡು ತರುತ್ತೇನೆ. ಇದನ್ನು ನಾನು ಬಹಳ ಕಾಲ ಸೌಜನ್ಯವೆಂದೇ ತಿಳಿದಿದ್ದೆ. ಹಾಗಲ್ಲವೆಂದು ತೋರಿಸಿಕೊಟ್ಟದ್ದು ಒಂದು ಪೋನಿ ಕುದುರೆ.

ಪೋನಿ ನನ್ನ ಹೆಂಡತಿ ವನಜಳ ತಮ್ಮ ಮಂಜುವಿನದು. ಹೊಸ ತಿಪ್ಪಸಂದ್ರದಲ್ಲಿದ್ದುಕೊಂಡು ಹುಟ್ಟುಹಬ್ಬಗಳಿಗೆ ಬಲೂನಿನ ಅಲಂಕಾರ ಮಾಡುವವನು ಅವನು. ಮಕ್ಕಳು ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳಲಿ ಎಂದು ಎಳೆಯ ಪೋನಿಯೊಂದನ್ನು ತಂದ. ಅವನ ಮನೆ ಎರಡನೇ ಮಹಡಿಯಲ್ಲಿರುವುದರಿಂದ ಅದು ಹಲಸೂರಿನ ನಮ್ಮ ಕಾಂಪೌಂಡಿಗೆ ಬಂತು. ಬಣ್ಣವೂ ಬಾದಾಮಿ, ಹೆಸರೂ ಬಾದಾಮಿ. ಬಂದ ಹೊಸತರಲ್ಲಿ ಸಾಧುವಾಗಿತ್ತು. ಆಮೇಲೆ ಜೇಬಿಗೆ ಮೂತಿ ತೂರಿಸತೊಡಗಿತು, ಭುಜ ಒತ್ತಿ ತಳ್ಳತೊಡಗಿತು. ಒಂದು ಬೆಳಿಗ್ಗೆ ನನ್ನನ್ನು ಗೋಡೆಗೆ ಒತ್ತರಿಸಿ ಚಪ್ಪಲಿಯ ಮೇಲೆ ಕಾಲಿಟ್ಟು ನಿಂತಿತು. ನಾನು ಅದನ್ನು ಪ್ರೀತಿ ಎಂದುಕೊಂಡೆ. ಕೊರಿಯರ್‌ನವನ ತೋಳನ್ನು ಅಂಗಿ ಸಮೇತ ಕಚ್ಚಿದಾಗ ಅವನು ಹಾಗೆ ಅಂದುಕೊಳ್ಳಲಿಲ್ಲ.

"ಭಾವ, ಬರೋ ಭಾನುವಾರ ಇಂದಿರಾನಗರದಿಂದ ಒಬ್ರು ಮೇಡಂ ಮಗಳ ಬರ್ತ್‌ಡೇಗೆ ಅಂತ ಇದನ್ನ ನೋಡೋಕ್ ಬರ್ತಾರೆ," ಎಂದ ಮಂಜು. "ಅವ್ರ ಮುಂದೇನೂ ಹೀಗೇ ಆಡಿದ್ರೆ ಇದನ್ನ ತಂದೋರಿಗೇ ವಾಪಸ್ ಕೊಟ್ಬಿಡ್ತೀನಿ. ನನ್ ಕೈಲಾಗಲ್ಲ."

ಗೇಟಿನ ಸದ್ದಾದರೆ ಕಿವಿ ನಿಮಿರಿಸಿ ನನಗಾಗಿ ಕಾಯುವ ಜೀವ ನಮ್ಮ ಮನೆಯಲ್ಲಿ ಅದೊಂದೇ.

ಪಶುವೈದ್ಯೆಯನ್ನು ಕರೆಸಿದೆವು. ಆಕೆ ಪೋನಿಯನ್ನು ನೋಡಿದ್ದಕ್ಕಿಂತ ಹೆಚ್ಚು ನನ್ನನ್ನು ನೋಡಿದರು. "ಅದು ತಳ್ಳುತ್ತೆ, ನೀವು ಸರೀತೀರ. ತಳ್ಳಿದ್ರೆ ಜನ ಸರೀತಾರೆ ಅಂತ ಅದು ಕಲ್ತಿದೆ ಅಷ್ಟೇ ಸಾರ್. ಹೊಡೀಬೇಡಿ. ಕೈಯಿಂದ ತಿನ್ನಿಸ್ಬೇಡಿ. ಅಂಗೈ ಎತ್ತಿ 'ಹಿಂದೆ' ಅನ್ನಿ, ನಿಂತ ಜಾಗ ಬಿಡ್ಬೇಡಿ. ಅದು ಸರಿದ ಕ್ಷಣ ಕೈ ಇಳಿಸಿ ಕತ್ತು ಸವರಿ."

ಮೊದಲ ದಿನವೇ ಯಶಸ್ಸು ಎಂದು ನನ್ನ ನೆನಪು. ವನಜ ಕಿಟಕಿಯಿಂದ ನೋಡುತ್ತಿದ್ದಳು. "ರೀ, ಹಿಂದೆ ಸರಿದಿದ್ದು ನೀವು. ತುಳಸಿಕಟ್ಟೆ ದಾಟಿ ನಿಂತು ಅದಕ್ಕೆ ಶಭಾಷ್ ಅಂತಿದ್ರಿ." ನನ್ನ ನೆನಪು ಯಾವಾಗಲೂ ನನ್ನ ಪರ ವಹಿಸುತ್ತದೆಂದು ಗೊತ್ತಿರುವುದರಿಂದ ವಾದಿಸಲಿಲ್ಲ. ಮರುದಿನ ಗೋಡೆಗೆ ಬೆನ್ನು ಕೊಟ್ಟು ನಿಂತೆ, ಸರಿಯಲು ಜಾಗವೇ ಇರಬಾರದೆಂದು. ಕಣ್ಣು ಮುಚ್ಚಿ ಅಂಗೈ ಎತ್ತಿದೆ. ಕಣ್ಣು ಬಿಟ್ಟಾಗ ಬಾದಾಮಿ ಹಿಂದೆ ಸರಿದು, ಇವನಿಗೇನಾಯಿತೆಂಬಂತೆ ನೋಡುತ್ತಿತ್ತು.

ಇನ್ನು ಉಳಿದದ್ದು ನಮ್ಮ ಅತ್ತೆ. ದೇವಸ್ಥಾನದಿಂದ ಬಂದವರೇ ಪ್ರಸಾದದ ಬಾಳೆಹಣ್ಣು ಸುಲಿದು ಅದರ ಬಾಯಿಗಿಡುತ್ತಿದ್ದರು. ಬಕೆಟ್ಟಿಗೆ ಹಾಕಿ ಎಂದರೆ, "ದೇವರ ಪ್ರಸಾದ ಅಳಿಯಂದ್ರೇ! ನಿಮಗೆ ಬಕೆಟ್‌ನಲ್ಲಿ ಕೊಟ್ರೆ ತಿಂತೀರಾ?" ಎಂದರು. ಕೊನೆಗೆ ವನಜ ಕಟ್ಟೆಯ ಮೇಲೆ ಒಂದು ಸ್ಟೀಲ್ ತಟ್ಟೆ ಇಟ್ಟಳು. ಬಾದಾಮಿ ದೂರ ಸರಿದು ನಿಂತರೆ ಮಾತ್ರ ಹಣ್ಣು ತಟ್ಟೆಗೆ. ಅತ್ತೆಗೆ ಈ ಏರ್ಪಾಟು ಎಷ್ಟು ಹಿಡಿಸಿತೆಂದರೆ, "ಪೂಜಾರಿ ಮುಂದೆ ಜನಾನೂ ಹಿಂಗೇ ನಿಂತ್ಕೊಂಡ್ರೆ ಎಷ್ಟು ಚೆನ್ನಾಗಿರ್ತಿತ್ತು," ಎಂದರು.

ಭಾನುವಾರ ಮೇಡಂ ಮಗಳೊಂದಿಗೆ ಬಂದರು. ಮಂಜು ಬಾದಾಮಿಯ ಪಕ್ಕ ನಿಂತಿದ್ದ. ಹುಡುಗಿ ಹತ್ತಿರ ಬಂದಳು. ಬಾದಾಮಿ ಮೂತಿ ಚಾಚಲಿಲ್ಲ, ತಳ್ಳಲಿಲ್ಲ. ನಾನು ಹೇಳಿಕೊಟ್ಟಿದ್ದಂತೆ ಮಂಜು ಮೆಲ್ಲಗೆ "ಹಿಂದೆ" ಎಂದಾಗ ಹೆಜ್ಜೆ ಹಿಂದಿಟ್ಟು ಕತ್ತು ಸವರಿಸಿಕೊಂಡಿತು. ಹುಡುಗಿ ಚಪ್ಪಾಳೆ ತಟ್ಟಿದಳು. ಮೇಡಂ ಫೋಟೊ ತೆಗೆಯುವ ಭರದಲ್ಲಿ ಫೋನ್ ಹಿಡಿದು ನನ್ನ ಮೈಮೇಲೇ ಬಂದರು. ನಾನು ನಯವಾಗಿ, "ಸ್ವಲ್ಪ ಈ ಕಡೆ ಬನ್ನಿ," ಎಂದೆ.

ಇದು ನನ್ನ ನೆನಪು. ಉಳಿದವರೆಲ್ಲರ ನೆನಪಿನ ಪ್ರಕಾರ ನಾನು ಅವರ ಮುಖದೆದುರು ಅಂಗೈ ಎತ್ತಿ, ಕಾಂಪೌಂಡಿಗೆಲ್ಲ ಕೇಳುವಂತೆ "ಹಿಂದೆ!" ಎಂದೆ. ಅವರು ಸರಿದೂ ಸರಿದರು. ಆಗ ನಾನು ಕೈ ಇಳಿಸಿ "ಶಭಾಷ್" ಎಂದದ್ದು ಮಾತ್ರ ನನಗೂ ನೆನಪಿದೆ. ದೇವರ ದಯೆ, ಕತ್ತು ಸವರಲಿಲ್ಲ.

"ಪೋನಿ ತುಂಬಾ ಸ್ವೀಟ್ ಆಗಿದೆ, ಬುಕ್ ಮಾಡ್ತೀವಿ," ಎಂದರು ಮೇಡಂ, ಮಂಜುವನ್ನು ಗೇಟಿನ ಬಳಿ ಕರೆದು. "ಆದ್ರೆ ಆ ಅಂಕಲ್‌ನ ಪಾರ್ಟಿಗೆ ಕರ್ಕೊಂಡ್ ಬರ್ಬೇಡಿ, ಪ್ಲೀಸ್. ಮಕ್ಕಳಿರ್ತಾರೆ."

ಸಂಜೆ ಬಾದಾಮಿಯ ಪಕ್ಕ ಪೆಚ್ಚಾಗಿ ನಿಂತಿದ್ದೆ. ವನಜ ಕಾಫಿ ತಂದುಕೊಟ್ಟು ಸಮಾಧಾನ ಹೇಳಿದಳು:

"ಅದು ಉಳೀತಲ್ಲ, ಬಿಡಿ. ನಿಮ್ಮನ್ನ ಹೇಗೂ ವಾಪಸ್ ತಗೊಳ್ಳೋರು ಯಾರೂ ಇಲ್ಲ."