ಎಮ್ಮೆ ಆಕೆಯದು, ಮೆಂಬರು ಗಂಡ

ಡೇರಿ ಇರುವ ಊರಿನಲ್ಲಿ ನಗುವುದಕ್ಕೆ ಬೇರೆ ನಾಟಕ ಬೇಕಾಗುವುದಿಲ್ಲ. ದಿನಾ ಎರಡು ಹೊತ್ತು ಏನಾದರೊಂದು ನಡೆದೇ ಇರುತ್ತದೆ. ಎಂಬತ್ತನೇ ಇಸವಿಯ ಆಸುಪಾಸಿನಲ್ಲಿ ನಾನು ಇಚಲಕರಂಜಿಯ ಮಗ್ಗದ ಕೆಲಸ ಬಿಟ್ಟು, ಗಡಹಿಂಗ್ಲಜ ಕಡೆಯ ನಮ್ಮೂರಿನ ಸಹಕಾರಿ ಡೇರಿಯಲ್ಲಿ ಹಾಲು ಅಳೆಯಲು ಸೇರಿದೆ. ಆಗ ಹೊಟ್ಟೆ ಹಿಡಿದು ನಕ್ಕಿದ್ದನ್ನು ಈಗ ನೆನೆದರೆ ನಗುವಿನ ಜೊತೆಗೇ ಮನಸ್ಸಿಗೆ ಕೆಡುಕೆನಿಸುತ್ತದೆ.

ಕರಿ ಚಹಾ

ಒಂದು ಮಧ್ಯಾಹ್ನ ಕೊಲ್ಲಾಪುರದ ಸಾಹೇಬರೊಬ್ಬರು ಡೇರಿ ನೋಡಲು ಬಂದರು. ಚೇರ್ಮನ್ನರು ಮನೆಗೆ ಕರೆದೊಯ್ದು ಕರಿ ಚಹಾ ಕೊಟ್ಟರು. ಬೆಳಗಿನ ಹಾಲು ಹನಿಯೂ ಉಳಿಯದಂತೆ ಡೇರಿಗೆ ಹೋಗಿತ್ತು. ಊರಿನ ಹುಡುಗರು ರೊಟ್ಟಿ ಅದ್ದಿ ತಿನ್ನುತ್ತಿದ್ದುದೂ ಅದೇ ಕರಿ ಚಹಾದಲ್ಲಿ. ಇದು ಹಾಲಿನ ಊರು ಹೌದೋ ಅಲ್ಲವೋ ಎಂದು ಸಾಹೇಬರು ಕೇಳಿದರು.

"ಹೌದ್ರಿ. ಎಲ್ಲಾ ನಿಮ್ಮ ಊರಿಗೇ ಕಳಸೇವಿ. ಅಲ್ಲೇ ಕುಡದ ಬರಬೇಕಿತ್ರಿ," ಎಂದರು ಚೇರ್ಮನ್ನರು.

ಚಿವಡಾ

ಎಲ್ಲರಿಗಿಂತ ಗಟ್ಟಿ ಹಾಲು ಬರುತ್ತಿದ್ದುದು ನಮ್ಮ ಓಣಿಯ ಅಕ್ಕನೊಬ್ಬಳ ಮನೆಯಿಂದ. ಎಮ್ಮೆ ಆಕೆಗೆ ತವರಿನವರು ಕೊಟ್ಟದ್ದು. ಮೇವು, ಸಗಣಿ, ಹಾಲು ಹಿಂಡುವುದು ಎಲ್ಲ ಆಕೆಯದೇ. ಮೆಂಬರು ಮಾತ್ರ ಗಂಡ. ತನ್ನನ್ನೂ ಮೆಂಬರು ಮಾಡಿಕೊಳ್ಳಿ, ಸಭೆಯಲ್ಲಿ ನಾಲ್ಕು ಮಾತು ಆಡುವುದಿದೆ ಎಂದು ಆಕೆ ವರ್ಷವರ್ಷವೂ ಕೇಳುತ್ತಿದ್ದಳು. ಮನೆಗೊಬ್ಬರೇ ಎಂದು ಚೇರ್ಮನ್ನರು ಸಾಗಹಾಕುತ್ತಿದ್ದರು.

ಒಮ್ಮೆ ಡೇರಿಯಿಂದ ತಂದ ಹಿಂಡಿಯನ್ನು ಎಮ್ಮೆ ಮೂಸಿಯೂ ನೋಡಲಿಲ್ಲ. ಸಭೆಯಲ್ಲಿ ಅದನ್ನು ಹೇಳಲು ಅಕ್ಕ ಗಂಡನಿಗೆ ಬಾಯಿಪಾಠ ಮಾಡಿಸಿ ಕಳಿಸಿದಳು. ಸಭೆಗೆ ಬಂದವರಿಗೆಲ್ಲ ಡೇರಿಯವರು ಅವಲಕ್ಕಿಯ ಚಿವಡಾ ಹಂಚಿದ್ದರು. ಅವನು ಎದ್ದು ನಿಂತು, ಹಿಂಡಿ ಭಾಳ ಚಲೋ ಐತಿ ಎಂದು ಹೇಳಿ ಕೂತ. ಮನೆಯಲ್ಲಿ ಆಕೆ ಜಾಡಿಸಿದಾಗ ಹೇಳಿದನಂತೆ: "ಅವರ ಚಿವಡಾ ಬಾಯಾಗ ಇಟಗೊಂಡು ಅವರಿಗೇ ಹೆಂಗ ಬೈಲಿ?"

ಫೋಟೊ

ಆ ವರ್ಷ ಉತ್ತಮ ಹಾಲು ಉತ್ಪಾದಕನೆಂದು ಶಾಲು, ಕಾಯಿ ಸಿಕ್ಕಿದ್ದೂ ಗಂಡನಿಗೇ. ಅವನು ಎಮ್ಮೆ ಹಿಂಡುವ ಫೋಟೊ ಬೇಕೆಂದು ಚೇರ್ಮನ್ನರು ಫೋಟೊದವನನ್ನು ಕರೆಸಿದರು. ಗಂಡ ಚರಿಗೆ ಹಿಡಿದು ಕೂತದ್ದೇ ತಡ, ಎಮ್ಮೆ ಒದ್ದಿತು. ಚರಿಗೆ ಒಂದು ಕಡೆ, ಶಾಲು ಒಂದು ಕಡೆ. ಅದು ಅಕ್ಕನ ಕೈಗೆ ಮಾತ್ರ ಹಾಲು ಇಳಿಸುತ್ತಿತ್ತು. ಹಾಗಾದರೆ ಅಕ್ಕನನ್ನೇ ಕೂಡಿಸೋಣ ಎಂದೆ ನಾನು. ಆಕೆ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು. ಮೆಂಬರು ಅಲ್ಲದವರ ಫೋಟೊ ಹೇಗೆ ತೆಗೆಯುವುದು ಎಂದರು ಚೇರ್ಮನ್ನರು. ಆಕೆಯ ಮುಖ ಬಾಡಿದ್ದು ನನಗೆ ಕಾಣಿಸಿತು.

ಎಮ್ಮೆಯ ಇಂಥ ಹಟಕ್ಕೆ ನಮ್ಮ ಕಡೆ ಒಂದು ಉಪಾಯವಿದೆ. ಹೆಂಡತಿ ತವರಿಗೆ ಹೋದಾಗ ಗಂಡಸರು ಆಕೆ ಉಟ್ಟು ಬಿಟ್ಟ ಸೀರೆ ಸುತ್ತಿಕೊಂಡು ಹಿಂಡುತ್ತಾರೆ. ವಾಸನೆಗೆ ಎಮ್ಮೆ ಮೋಸಹೋಗುತ್ತದೆ. ಅಕ್ಕನೇ ತನ್ನ ಸೀರೆ ತಂದು ಗಂಡನಿಗೆ ಉಡಿಸಿ, ಮೀಸೆ ಕಂಡು ಎಮ್ಮೆ ಬೆದರೀತೆಂದು ಸೆರಗನ್ನೂ ಮುಂದಕ್ಕೆ ಎಳೆದಳು. ಎಮ್ಮೆ ಸುಮ್ಮನೆ ನಿಂತಿತು. ಆ ಫೋಟೊ ಡೇರಿಯ ಗೋಡೆ ಏರಿತು.

ಅಕ್ಕ ಕೊನೆಗೂ ಮೆಂಬರು ಆಗಲಿಲ್ಲ. ಮೊಣಕಾಲು ನೋವಿಗೆ ಎಮ್ಮೆ ಮಾರಿ ಸುಮ್ಮನಾದಳು. ಆ ಸಂಕಟ ನನಗೆ ಇವತ್ತಿಗೂ ಇದೆ. ಆದರೆ ಎಮ್ಮೆ ಮಾರುವ ಮೊದಲು ಇನ್ನೊಬ್ಬ ಸಾಹೇಬರು ಬಂದ ದಿನ ನೆನಪಾದರೆ ನಗು ತಡೆಯಲಾಗುವುದಿಲ್ಲ. ಅವರು ಗೋಡೆಯ ಫೋಟೊ ನೋಡಿ, ಹೆಣ್ಣುಮಕ್ಕಳನ್ನೂ ಮೆಂಬರು ಮಾಡಿಕೊಂಡಿದ್ದೀರಿ, ಶಾಬಾಸ್ ಎಂದು ಚೇರ್ಮನ್ನರ ಬೆನ್ನು ತಟ್ಟಿದರು. ಚೇರ್ಮನ್ನರು ಕೈಮುಗಿದರು. ಸರದಿಯಲ್ಲಿ ನಿಂತಿದ್ದ ಅಕ್ಕ ಹಾಲಿನ ಕ್ಯಾನು ಕೆಳಗಿಟ್ಟಳು.

"ಚೇರ್ಮನ್ರ, ನನ್ನ ಸೀರಿ ಅಂತೂ ಮೆಂಬರ ಆತು. ನನ್ನ ಯಾವಾಗ ಮಾಡ್ಕೋತೀರಿ?"